ಹೊಲದಲ್ಲಿ ಸಿಗುವ ಕಪ್ಪು ಗುಂಡುಕಲ್ಲು ಉಲ್ಕೆಯೇ? ಕೆಂಪು ಕಲ್ಲಿಗೆ ಹೆಸರಿಟ್ಟ ಬುಕಾನನ್ ಕಥೆ

ಹೊಲ ಉಳುವಾಗ, ಬಾವಿ ತೋಡುವಾಗ, ಮಳೆ ನಿಂತ ಮೇಲೆ ಗುಡ್ಡದ ದಾರಿಯಲ್ಲಿ ನಡೆಯುವಾಗ ಕಂದು ಅಥವಾ ಕಪ್ಪು ಬಣ್ಣದ ಗುಂಡನೆಯ ಕಲ್ಲುಗಳು ಸಿಗುವುದು ನಮ್ಮಲ್ಲಿ ಹೊಸದೇನಲ್ಲ. ಕೆಲವು ಸಾಸಿವೆ ಕಾಳಿನಷ್ಟು ಸಣ್ಣವು, ಕೆಲವು ಕಡಲೆಕಾಳಿನಷ್ಟು, ಇನ್ನು ಕೆಲವು ನಿಂಬೆಹಣ್ಣಿನಷ್ಟು ದೊಡ್ಡವು. ಕೈಗೆತ್ತಿಕೊಂಡರೆ ಗಾತ್ರಕ್ಕಿಂತ ಭಾರ ಹೆಚ್ಚು ಅನಿಸುತ್ತದೆ. ಒಂದೊಂದು ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತದೆ.

ಇಷ್ಟು ಸಾಕು, ವಾಟ್ಸಾಪ್‌ನಲ್ಲಿ ಕಥೆ ಶುರುವಾಗುತ್ತದೆ. ಇದು ಆಕಾಶದಿಂದ ಬಿದ್ದ ಉಲ್ಕೆ, ಲಕ್ಷಾಂತರ ರೂಪಾಯಿ ಬೆಲೆ ಬಾಳುತ್ತದೆ ಎನ್ನುವುದು ಒಂದು ಕಥೆ. ನೆಲದ ಕೆಳಗೆ ಅದಿರು ಇದೆ ಎಂಬುದಕ್ಕೆ ಇದೇ ಗುರುತು ಎನ್ನುವುದು ಇನ್ನೊಂದು. ಕಲ್ಲು ತಾನಾಗಿಯೇ ಬೆಳೆಯುತ್ತದೆ, ಇದು ಪವಾಡ ಎನ್ನುವುದು ಮತ್ತೊಂದು. ಇವುಗಳಲ್ಲಿ ಒಂದು ಮಾತು ಮಾತ್ರ ಅರ್ಧ ನಿಜ. ಅದು ಯಾವುದು ಎಂದು ನೋಡುವ ಮೊದಲು ಒಬ್ಬ ಮನುಷ್ಯನನ್ನು ಪರಿಚಯ ಮಾಡಿಕೊಳ್ಳೋಣ. ಇಂಥ ಕಲ್ಲುಗಳು ತುಂಬಿರುವ ಕೆಂಪು ನೆಲಕ್ಕೆ ಇಡೀ ಜಗತ್ತು ಇಂದು ಬಳಸುವ ಹೆಸರನ್ನು ಕೊಟ್ಟವನು ಅವನೇ. ಆ ಹೆಸರು ಲ್ಯಾಟರೈಟ್. ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಅವನು ನಮ್ಮ ಬೆಂಗಳೂರು, ಶ್ರೀರಂಗಪಟ್ಟಣ, ಮಂಗಳೂರು, ಶಿರಸಿಗಳ ದಾರಿಯಲ್ಲೇ ಓಡಾಡಿದವನು.

ಸ್ಕಾಟ್ಲೆಂಡ್‌ನ ವೈದ್ಯ

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡ್‌ನಲ್ಲಿ. ತಂದೆ ಥಾಮಸ್ ಬುಕಾನನ್ ಕೂಡ ವೈದ್ಯರು. ಫ್ರಾನ್ಸಿಸ್ 1779ರಲ್ಲಿ ಗ್ಲಾಸ್ಗೋದಲ್ಲಿ ಎಂ.ಎ. ಮುಗಿಸಿ, 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಬಳಿ ಸಸ್ಯಶಾಸ್ತ್ರವನ್ನೂ ಕಲಿತ. ಆ ಕಾಲದಲ್ಲಿ ಔಷಧಿಗಳು ಬಹುತೇಕ ಗಿಡಮೂಲಿಕೆಗಳಿಂದಲೇ ಬರುತ್ತಿದ್ದವು. ಹಾಗಾಗಿ ವೈದ್ಯನಾದವನು ಗಿಡಗಳನ್ನು ಗುರುತಿಸಲು ಕಲಿಯಬೇಕಿತ್ತು. ಈ ಕಲಿಕೆಯೇ ಮುಂದೆ ಬುಕಾನನ್‌ನ ಬದುಕಿನ ದಾರಿಯನ್ನು ಬದಲಿಸಿತು.

ಓದು ಮುಗಿದ ಮೇಲೆ ಅವನು ಏಷ್ಯಾಕ್ಕೆ ಬರುವ ಹಡಗುಗಳಲ್ಲಿ ವೈದ್ಯನಾಗಿ ಕೆಲಸ ಮಾಡಿದ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿಕೊಂಡ. ಮರುವರ್ಷವೇ ಕಂಪನಿಯ ರಾಯಭಾರಿ ತಂಡದ ಜೊತೆ ಬರ್ಮಾಕ್ಕೆ ಹೋದ. ರೋಗಿಗಳನ್ನು ನೋಡುವುದು ಅವನ ಕೆಲಸವಾಗಿತ್ತು. ಆದರೆ ಅಲ್ಲಿಯ ಗಿಡಗಳು, ಜನ, ಅವರಾಡುವ ಭಾಷೆಗಳು, ಎಲ್ಲವನ್ನೂ ಬರೆದಿಟ್ಟುಕೊಂಡ. ಸಿಕ್ಕಿದ್ದನ್ನೆಲ್ಲ ಬರೆದಿಡುವ ಈ ಅಭ್ಯಾಸ ಕಂಪನಿಯ ಮೇಲಧಿಕಾರಿಗಳ ಕಣ್ಣಿಗೆ ಬಿತ್ತು.

ಟಿಪ್ಪು ಸತ್ತ ಮರುವರ್ಷ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಹೋರಾಡುತ್ತ ಸತ್ತ. ಕರಾವಳಿ ಕಂಪನಿಯ ಕೈಗೆ ಬಂತು, ಮೈಸೂರು ಒಡೆಯರಿಗೆ ಮರಳಿತು. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನೇನಿದೆ ಎಂದು ತಿಳಿಯುವ ಅವಸರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇತ್ತು. ಎಲ್ಲಿ ಯಾವ ಬೆಳೆ ಬೆಳೆಯುತ್ತದೆ, ದನಗಳು ಎಂಥವು, ಮೆಣಸು, ಗಂಧ, ಏಲಕ್ಕಿ ಎಲ್ಲಿ ಸಿಗುತ್ತದೆ, ನೆಲದಲ್ಲಿ ಯಾವ ಖನಿಜ ಇದೆ, ಜನ ಹೇಗೆ ಬದುಕುತ್ತಾರೆ, ಇದೆಲ್ಲ ಅವನಿಗೆ ಬೇಕಿತ್ತು. ಈ ಕೆಲಸಕ್ಕೆ ಆರಿಸಿಕೊಂಡದ್ದು ಬುಕಾನನ್‌ನನ್ನು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಈ ಸಮೀಕ್ಷೆ ನಮ್ಮ ಜನರ ಒಳಿತಿಗಾಗಿ ನಡೆದದ್ದಲ್ಲ. ಕಂಪನಿಯ ಆದಾಯ ಹೆಚ್ಚಿಸುವುದು ಅದರ ಉದ್ದೇಶ. ಬುಕಾನನ್ ಕೂಡ ಕಂಪನಿಯ ನೌಕರನೇ. ಟಿಪ್ಪುವಿನ ಬಗ್ಗೆ, ಇಲ್ಲಿಯ ಜನರ ಬಗ್ಗೆ ಅವನು ಬರೆದ ಹಲವು ಮಾತುಗಳಲ್ಲಿ ಆಳುವವರ ತಾತ್ಸಾರ ಕಾಣುತ್ತದೆ. ಹಾಗಾಗಿ ಅವನ ಬರಹವನ್ನು ಓದುವಾಗ ಎಚ್ಚರ ಬೇಕು. ಆದರೆ ಅವನು ಕಣ್ಣಾರೆ ಕಂಡು ಬರೆದ ನೆಲ, ಬೆಳೆ, ಕಲ್ಲು, ಕಸುಬುಗಳ ವಿವರಗಳನ್ನು ಇಂದಿಗೂ ಇತಿಹಾಸಕಾರರು ಬಳಸುತ್ತಾರೆ.

1800ರ ಏಪ್ರಿಲ್ 23ರಂದು ಅವನು ಮದ್ರಾಸಿನಿಂದ ಹೊರಟ. ಕೋಲಾರ ದಾಟಿ ಬೆಂಗಳೂರಿಗೆ ಬಂದ, ಲಾಲ್‌ಬಾಗ್ ನೋಡಿದ. ಶ್ರೀರಂಗಪಟ್ಟಣಕ್ಕೆ ಹೋದ. ಮಾಗಡಿಯ ಸುತ್ತ ಮಳೆನೀರು ಹೊತ್ತು ತರುವ ಕಪ್ಪು ಮರಳಿನಿಂದ ಜನ ಕಬ್ಬಿಣ ಕರಗಿಸುವುದನ್ನು ನೋಡಿ ಬರೆದುಕೊಂಡ. ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವ ವಿಧಾನವನ್ನೂ ದಾಖಲಿಸಿದ. ಹೋದಲ್ಲೆಲ್ಲ ಅವನು ಮಾಡುತ್ತಿದ್ದ ಕೆಲಸ ಒಂದೇ: ರೈತರನ್ನು, ಕಮ್ಮಾರರನ್ನು, ನೇಕಾರರನ್ನು ದುಭಾಷಿಯ ಮೂಲಕ ಕೇಳುವುದು, ಆಮೇಲೆ ತಾನೇ ಹೋಗಿ ನೋಡುವುದು, ಊರಿನ ಹೆಸರು ಮತ್ತು ದಿನಾಂಕ ಹಾಕಿ ಬರೆಯುವುದು.

ಅಂಗಾಡಿಪುರಂನಲ್ಲಿ ಸಿಕ್ಕ ಹೆಸರು

ಬಯಲುಸೀಮೆ ದಾಟಿ, ಕೊಯಮತ್ತೂರು, ಪಾಲಕ್ಕಾಡ್ ದಾರಿಯಾಗಿ ಅವನು ಮಲಬಾರ್‌ಗೆ ಇಳಿದ. 1800ರ ಡಿಸೆಂಬರ್‌ನಲ್ಲಿ ಈಗಿನ ಕೇರಳದ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂಗೆ ಬಂದ. ಅಲ್ಲಿ ಜನ ಮನೆ ಕಟ್ಟಲು ಬಳಸುತ್ತಿದ್ದ ಕಲ್ಲು ಅವನಿಗೆ ವಿಚಿತ್ರವಾಗಿ ಕಂಡಿತು.

ಆ ಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ. ಪಿಕಾಸಿಯಿಂದ ಚೌಕಾಕಾರದಲ್ಲಿ ಅಗೆದು ತೆಗೆದು, ದೊಡ್ಡ ಚಾಕು ಅಥವಾ ಕರಣೆಯಿಂದ ಬೇಕಾದ ಅಳತೆಗೆ ಕೊಯ್ಯಬಹುದು. ಹೊರಗಿನ ಗಾಳಿಗೆ ಇಟ್ಟ ಸ್ವಲ್ಪ ಕಾಲದಲ್ಲೇ ಅದು ಸುಟ್ಟ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಮೈತುಂಬ ತೂತು, ಅದರೊಳಗೆ ಕೆಂಪು ಮತ್ತು ಹಳದಿ ಮಣ್ಣು. ಪದರ ಪದರವಾಗಿ ಕಾಣುವುದಿಲ್ಲ. ಇಡೀ ಗುಡ್ಡವೇ ಒಂದು ಮುದ್ದೆಯಂತೆ ಕೆಳಗಿನ ಗಟ್ಟಿ ಬಂಡೆಯ ಮೇಲೆ ಕುಳಿತಿರುತ್ತದೆ. ಇಷ್ಟನ್ನೂ ಬುಕಾನನ್ ಗಮನಿಸಿ ಬರೆದ.

ಇದನ್ನು ಏನೆಂದು ಕರೆಯುವುದು? ಅವನು ಜನರನ್ನು ಕೇಳಿದ. ಸ್ಥಳೀಯ ಭಾಷೆಗಳಲ್ಲಿ ಇದಕ್ಕೆ ಇಟ್ಟಿಗೆ ಕಲ್ಲು ಎಂಬ ಅರ್ಥದ ಹೆಸರು ಇದೆ ಎಂದು ಗೊತ್ತಾಯಿತು. ಆ ಹೆಸರನ್ನು ಅವನು ತನ್ನ ಕಿವಿಗೆ ಕೇಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ. ಅದನ್ನು ಓದಿದರೆ ಇಂದಿಗೂ ಕನ್ನಡಿಗರಿಗೆ ಅರ್ಥವಾಗುತ್ತದೆ, ಏಕೆಂದರೆ ಅದು ಹೆಚ್ಚುಕಡಿಮೆ ನಮ್ಮ ಇಟ್ಟಿಗೆ ಕಲ್ಲೇ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಲೇಟರ್ ಎನ್ನುತ್ತಾರೆ. ಬುಕಾನನ್ ಅದರಿಂದ ಲ್ಯಾಟರೈಟ್ ಎಂಬ ಪದ ಮಾಡಿದ.

ಅಂದರೆ ಬ್ರೆಜಿಲ್‌ನಿಂದ ಆಸ್ಟ್ರೇಲಿಯಾದವರೆಗೆ ಭೂವಿಜ್ಞಾನಿಗಳು ಬಳಸುವ ಈ ಪದ ನಮ್ಮ ಕಡೆಯ ಕಲ್ಲು ಕೊಯ್ಯುವವರ ಮಾತಿನ ಲ್ಯಾಟಿನ್ ರೂಪ. ಕಲ್ಲಿನ ಮುಖ್ಯ ಗುಣ ಏನು ಎಂಬುದನ್ನು ಅವರು ಬುಕಾನನ್ ಬರುವುದಕ್ಕೆ ಬಹಳ ಮೊದಲೇ ಹೆಸರಿನಲ್ಲೇ ಹಿಡಿದಿಟ್ಟಿದ್ದರು. ಅವರ ಹೆಸರುಗಳು ಪುಸ್ತಕದಲ್ಲಿ ಬರಲಿಲ್ಲ.

ನಮ್ಮಲ್ಲಿ ಈ ಕಲ್ಲಿಗೆ ಒಂದೊಂದು ಕಡೆ ಒಂದೊಂದು ಹೆಸರು. ದಕ್ಷಿಣ ಕನ್ನಡದಲ್ಲಿ ಮುರಕಲ್ಲು ಅಥವಾ ಕೆಂಪುಕಲ್ಲು, ಉತ್ತರ ಕನ್ನಡದಲ್ಲಿ ಚಿರೇಕಲ್ಲು, ಮಲೆನಾಡಿನಲ್ಲಿ ಜಂಬಿಟ್ಟಿಗೆ, ಕೇರಳದಲ್ಲಿ ವೆಟ್ಟುಕಲ್ಲು. ಜಂಬಿಟ್ಟಿಗೆ ಎಂಬ ಪದದೊಳಗೂ ಇಟ್ಟಿಗೆ ಕುಳಿತಿದೆ ನೋಡಿ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಯ ಕಲ್ಲೂ ಇದೇ.

ಅಲ್ಲಿಂದ ಬುಕಾನನ್ ಉತ್ತರಕ್ಕೆ ಹೊರಟು, 1801ರ ಆರಂಭದ ತಿಂಗಳುಗಳಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣಗಳನ್ನು ನೋಡಿದ. ದಾರಿಯುದ್ದಕ್ಕೂ ಇದೇ ಕಲ್ಲು. ಮುಂದೆ ಘಟ್ಟ ಹತ್ತಿ ಶಿರಸಿ, ಬನವಾಸಿ, ಇಕ್ಕೇರಿಗಳ ಮೂಲಕ ಬಯಲುಸೀಮೆಗೆ ಬಂದು, 1801ರ ಜುಲೈನಲ್ಲಿ ಮದ್ರಾಸಿನ ಕಡೆ ಪ್ರಯಾಣ ಮುಗಿಸಿದ. ಈ ಪ್ರವಾಸದ ಕಥನ 1807ರಲ್ಲಿ ಲಂಡನ್‌ನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಲ್ಯಾಟರೈಟ್ ಎಂಬ ಪದ ಜಗತ್ತಿಗೆ ತಿಳಿದದ್ದು ಆಗಲೇ.

ಬುಕಾನನ್‌ಗೆ ಗೊತ್ತಿಲ್ಲದ ಅರ್ಧ: ಕಲ್ಲು ನಿಜಕ್ಕೂ ಬೆಳೆಯುತ್ತದೆಯೇ?

ಬುಕಾನನ್ ಕಲ್ಲನ್ನು ಸರಿಯಾಗಿ ವರ್ಣಿಸಿದ. ಆದರೆ ಅದು ಹೇಗೆ ಆಗುತ್ತದೆ ಎಂದು ವಿವರಿಸುವ ರಸಾಯನಶಾಸ್ತ್ರ, ಸೂಕ್ಷ್ಮಜೀವಿ ವಿಜ್ಞಾನ ಅವನ ಕಾಲದಲ್ಲಿ ಇರಲಿಲ್ಲ. ಇಂದು ನಮಗೆ ಆ ಉತ್ತರ ಗೊತ್ತು. ಹೊಲದ ಗುಂಡುಕಲ್ಲಿನ ಗುಟ್ಟೂ ಅದರಲ್ಲೇ ಇದೆ.

ಮೊದಲ ಹಂತ ತೊಳೆಯುವಿಕೆ. ಮಂಗಳೂರಿನಂಥ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬೆಚ್ಚಗಿನ ವಾತಾವರಣದಲ್ಲಿ ಇಷ್ಟು ನೀರು ಲಕ್ಷಾಂತರ ವರ್ಷ ಬಂಡೆಯ ಮೂಲಕ ಇಳಿದರೆ ಬಂಡೆ ಕೊಳೆಯುತ್ತದೆ. ಅದರಲ್ಲಿದ್ದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿ ಹೋಗುತ್ತವೆ. ಸಿಲಿಕಾದ ದೊಡ್ಡ ಪಾಲು ಕೂಡ ನಿಧಾನವಾಗಿ ಹೋಗುತ್ತದೆ. ಸುಲಭಕ್ಕೆ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಳ್ಳುತ್ತವೆ. ನೆಲದ ಕೆಂಪು ಬಣ್ಣ ಈ ಕಬ್ಬಿಣದ್ದು. ಸರಳವಾಗಿ ಹೇಳಬೇಕೆಂದರೆ ಅದು ತುಕ್ಕು.

ಎರಡನೇ ಹಂತ ಓಡಾಟ. ತುಕ್ಕು ಹಿಡಿದ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ. ಆದರೆ ಮಳೆಗಾಲದಲ್ಲಿ ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ನೀರು ತುಂಬಿಕೊಂಡಾಗ ಒಳಗೆ ಗಾಳಿ ಇರುವುದಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ. ಆಗ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಮ್ಯಾಂಗನೀಸ್ ಆಕ್ಸೈಡ್ ಮತ್ತು ಕಬ್ಬಿಣದ ಆಕ್ಸೈಡ್‌ಗಳನ್ನು ಬಳಸಿಕೊಂಡು ಬದುಕುತ್ತವೆ. ಈ ಕೆಲಸದಲ್ಲಿ ತುಕ್ಕಿನ ರೂಪ ಬದಲಾಗಿ, ನೀರಿನಲ್ಲಿ ಕರಗುವ ಕಬ್ಬಿಣವಾಗುತ್ತದೆ. ಕರಗಿದ್ದು ಮಣ್ಣಿನೊಳಗೆ ನೀರಿನ ಜೊತೆ ಹರಿದಾಡುತ್ತದೆ.

ಮೂರನೇ ಹಂತ ಗಟ್ಟಿಯಾಗುವಿಕೆ. ಮಳೆ ನಿಂತು ನೀರು ಇಳಿದಾಗ ಬೇರು ಹೋದ ದಾರಿ, ಇರುವೆ-ಗೆದ್ದಲಿನ ದಾರಿ, ಬಿರುಕುಗಳ ಮೂಲಕ ಗಾಳಿ ಒಳಗೆ ಬರುತ್ತದೆ. ಕರಗಿದ್ದ ಕಬ್ಬಿಣ ಮತ್ತೆ ತುಕ್ಕಾಗಿ ಅಲ್ಲೇ ಅಂಟಿಕೊಳ್ಳುತ್ತದೆ, ಹೆಚ್ಚಾಗಿ ಒಂದು ಮರಳಿನ ಕಣದ ಸುತ್ತ ಅಥವಾ ಮೊದಲೇ ಇದ್ದ ಒಂದು ಸಣ್ಣ ಕಲೆಯ ಸುತ್ತ. ಮುಂದಿನ ಮಳೆಗಾಲದಲ್ಲಿ ಮತ್ತೆ ಸ್ವಲ್ಪ ಕರಗುತ್ತದೆ, ಬೇಸಿಗೆಯಲ್ಲಿ ಮತ್ತೆ ಅಂಟುತ್ತದೆ. ಹೀಗೆ ತೇವ, ಒಣ, ತೇವ, ಒಣ. ಈ ಆಟ ಸಾವಿರಾರು ಸಲ ನಡೆದು ಒಂದು ಗುಂಡುಕಲ್ಲು ಸಿದ್ಧವಾಗುತ್ತದೆ. ಹಲವು ಗುಂಡುಗಳನ್ನು ಒಡೆದು ನೋಡಿದರೆ ಈರುಳ್ಳಿಯಂತೆ ಸುತ್ತುಗಳು ಕಾಣುವುದು ಇದೇ ಕಾರಣಕ್ಕೆ.

ಇನ್ನು ಕಪ್ಪು ಬಣ್ಣ. ಅದು ಮ್ಯಾಂಗನೀಸ್‌ನದು. ಗಾಳಿ ಕಡಿಮೆಯಾದಾಗ ಮ್ಯಾಂಗನೀಸ್ ಕಬ್ಬಿಣಕ್ಕಿಂತ ಮೊದಲು ಕರಗುತ್ತದೆ. ಗಾಳಿ ಬಂದಾಗ ಕಬ್ಬಿಣಕ್ಕಿಂತ ತಡವಾಗಿ ಗಟ್ಟಿಯಾಗುತ್ತದೆ. ಇಬ್ಬರ ವೇಳಾಪಟ್ಟಿ ಬೇರೆ ಬೇರೆ. ಹಾಗಾಗಿ ಒಂದೇ ಕಲ್ಲಿನಲ್ಲಿ ಕಂದು ಸುತ್ತು ಒಂದು, ಕಪ್ಪು ಸುತ್ತು ಇನ್ನೊಂದು ಬರಬಹುದು. ಮ್ಯಾಂಗನೀಸ್ ಹೆಚ್ಚಿದ್ದರೆ ಕಲ್ಲು ಪೂರ್ತಿ ಕಪ್ಪಾಗಿಯೇ ಕಾಣುತ್ತದೆ, ಕೈಗೆ ಮಸಿಯೂ ಹತ್ತಬಹುದು. ವರ್ಷ ವರ್ಷ ನೀರು ನಿಲ್ಲಿಸಿ ಒಣಗಿಸುವ ಭತ್ತದ ಗದ್ದೆಗಳ ಮಣ್ಣಿನಲ್ಲೂ ಇಂಥ ಸಣ್ಣ ಗುಂಡುಗಳು ಆಗುತ್ತವೆ.

ಹಾಗಾದರೆ ಕಲ್ಲು ಬೆಳೆಯುತ್ತದೆ ಎಂಬ ಹಳ್ಳಿಯ ಮಾತು? ಈ ಗುಂಡುಗಳ ವಿಷಯದಲ್ಲಿ ಅದು ಅರ್ಧ ನಿಜ. ಅವು ಜೀವಿಗಳಂತೆ ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ. ನೀರು, ಗಾಳಿ ಮತ್ತು ಬ್ಯಾಕ್ಟೀರಿಯಾಗಳ ಕೆಲಸದಿಂದ ಪದರದ ಮೇಲೆ ಪದರ ಕೂಡಿ ದೊಡ್ಡದಾಗುತ್ತವೆ. ಒಬ್ಬ ಮನುಷ್ಯನ ಜೀವಮಾನದಲ್ಲಿ ಕಣ್ಣಿಗೆ ಕಾಣುವಷ್ಟು ವೇಗ ಅದಕ್ಕಿಲ್ಲ. ಪ್ರತಿವರ್ಷ ಉಳುವಾಗ ಹೊಸ ಕಲ್ಲು ಕಾಣುವುದು ಮೇಲಿನ ಸಣ್ಣ ಮಣ್ಣು ಮಳೆಗೆ ಕೊಚ್ಚಿಹೋಗಿ ಒಳಗಿದ್ದವು ಮೇಲೆ ಬರುವುದರಿಂದ. ಅಂದರೆ ಹೊಲದಲ್ಲಿ ಕಲ್ಲು ಹೆಚ್ಚಾಗುತ್ತಿದ್ದರೆ ಅದು ಪವಾಡದ ಸುದ್ದಿಯಲ್ಲ, ಮಣ್ಣು ಹೋಗುತ್ತಿದೆ ಎಂಬ ಎಚ್ಚರಿಕೆ. ಬದು ಹಾಕಬೇಕು, ನೆಲಕ್ಕೆ ಹೊದಿಕೆ ಕೊಡಬೇಕು.

ಅಂಗಾಡಿಪುರಂನಲ್ಲಿ ಬುಕಾನನ್ ಕಂಡ ವಿಚಿತ್ರಕ್ಕೂ ಈಗ ಉತ್ತರ ಸಿಕ್ಕಿತು. ನೆಲದೊಳಗೆ ತೇವವಾಗಿದ್ದ ಕಬ್ಬಿಣದ ಆಕ್ಸೈಡ್‌ಗಳು ಹೊರಗೆ ಬಂದು ಒಣಗಿದಾಗ ನೀರು ಕಳೆದುಕೊಂಡು, ಹರಳುಗಟ್ಟಿ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮತ್ತೆ ನೀರಿನಲ್ಲಿ ನೆನೆಸಿದರೆ ಅದು ಹಳೆಯ ಮೆತ್ತನೆಯ ಸ್ಥಿತಿಗೆ ಮರಳುವುದಿಲ್ಲ.

ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ

ನಂಬಿಕೆ: ಅಯಸ್ಕಾಂತಕ್ಕೆ ಅಂಟಿದರೆ ಅದು ಉಲ್ಕೆ.
ವಾಸ್ತವ: ಹೆಚ್ಚಿನ ಉಲ್ಕೆಗಳು ಅಯಸ್ಕಾಂತಕ್ಕೆ ಅಂಟುತ್ತವೆ ಎಂಬುದು ನಿಜ. ಆದರೆ ಅಂಟಿದ್ದೆಲ್ಲ ಉಲ್ಕೆಯಲ್ಲ. ಕಾಡಿಗೆ ಬೆಂಕಿ ಬಿದ್ದಾಗ, ಹೊಲದಲ್ಲಿ ಕಸ ಸುಟ್ಟಾಗ ಮಣ್ಣಿನ ಮೇಲ್ಪದರದ ಕಬ್ಬಿಣದ ಆಕ್ಸೈಡ್ ಬಿಸಿಗೆ ಮ್ಯಾಗೆಮೈಟ್ ಎಂಬ ಖನಿಜವಾಗಿ ಬದಲಾಗಬಹುದು. ಅದು ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗೋಡೆಗೆ ಹಾಕುವ ಟೈಲ್ಸ್‌ನ ಹಿಂಭಾಗದ ಒರಟು ಮೈಮೇಲೆ ಕಲ್ಲನ್ನು ಗಟ್ಟಿಯಾಗಿ ಉಜ್ಜಿ. ಕೆಂಪು, ಕಂದು ಅಥವಾ ಹಳದಿ ಗೆರೆ ಮೂಡಿದರೆ ಅದು ಬಹುತೇಕ ನಮ್ಮ ನೆಲದ ಕಬ್ಬಿಣದ ಗುಂಡೇ. ಹೊಸದಾಗಿ ಬಿದ್ದ ಉಲ್ಕೆ ಸಾಮಾನ್ಯವಾಗಿ ಇಂಥ ಗೆರೆ ಬಿಡುವುದಿಲ್ಲ. ಒಳಗೆ ಈರುಳ್ಳಿಯಂಥ ಸುತ್ತುಗಳಿದ್ದರೂ ಅದು ಉಲ್ಕೆಯಲ್ಲ. ಇಷ್ಟಾದ ಮೇಲೂ ಅನುಮಾನ ಉಳಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ತಿಳಿಸಿ. ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಸಂಗ್ರಹಿಸಿಡುವ ಸಂಸ್ಥೆ ಅದು. ಉಲ್ಕೆ ಕೊಳ್ಳುತ್ತೇವೆ, ಪರೀಕ್ಷೆಗೆ ಮೊದಲು ಹಣ ಕಟ್ಟಿ ಎಂದು ಫೋನ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಂಬಿಕೆ: ಕಪ್ಪು ಗುಂಡು ಸಿಕ್ಕರೆ ಕೆಳಗೆ ಮ್ಯಾಂಗನೀಸ್ ಗಣಿ ಇದೆ.
ವಾಸ್ತವ: ಮಣ್ಣಿನಲ್ಲಿ ಎಲ್ಲೆಲ್ಲೋ ಚದುರಿದ್ದ ಅಲ್ಪಸ್ವಲ್ಪ ಮ್ಯಾಂಗನೀಸ್ ಒಂದು ಕಡೆ ಕೂಡಿಕೊಂಡು ಈ ಗುಂಡು ಆಗಿರುತ್ತದೆ. ಗುಂಡು ಇದೆ ಎಂದ ಮಾತ್ರಕ್ಕೆ ಕೆಳಗೆ ಅದಿರು ಇರಬೇಕೆಂದಿಲ್ಲ. ಮ್ಯಾಂಗನೀಸ್ ಇದೆಯೋ ಇಲ್ಲವೋ ತಿಳಿಯಲು ಔಷಧಿ ಅಂಗಡಿಯಲ್ಲಿ ಸಿಗುವ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್‌ನ ಎರಡು ಹನಿಯನ್ನು ತೊಳೆದು ಒಣಗಿಸಿದ ಕಲ್ಲಿನ ಮೇಲೆ ಹಾಕಿ. ಬುಸುಬುಸು ನೊರೆ ಬಂದರೆ ಮ್ಯಾಂಗನೀಸ್ ಇರುವ ಸಾಧ್ಯತೆ ಹೆಚ್ಚು. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ, ಮಕ್ಕಳ ಕೈಗೆ ಕೊಡಬೇಡಿ.

ನಂಬಿಕೆ: ಕೆಂಪು ಮಣ್ಣಿನಲ್ಲಿ ಕಬ್ಬಿಣ ಹೆಚ್ಚು, ತಿಂದರೆ ರಕ್ತಹೀನತೆ ಹೋಗುತ್ತದೆ.
ವಾಸ್ತವ: ಇದು ಅಪಾಯಕಾರಿ ಮಾತು. ಮಣ್ಣಿನ ಕಬ್ಬಿಣ ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ, ನಮ್ಮ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಮಣ್ಣಿನ ಜೊತೆ ಜಂತುಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ರಕ್ತಹೀನತೆ ಇನ್ನೂ ಹೆಚ್ಚಾಗಬಹುದು. ಗರ್ಭಿಣಿಯರಿಗೆ ಅಥವಾ ಮಕ್ಕಳಿಗೆ ಮಣ್ಣು ತಿನ್ನುವ ಆಸೆಯಾಗುತ್ತಿದ್ದರೆ ಅದೇ ರಕ್ತಹೀನತೆಯ ಲಕ್ಷಣವಾಗಿರಬಹುದು. ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.

ನಂಬಿಕೆ: ಕಾಡು ಕಡಿದರೆ ಕೆಂಪು ಮಣ್ಣೆಲ್ಲ ಇಟ್ಟಿಗೆಯಂತೆ ಗಟ್ಟಿಯಾಗಿಬಿಡುತ್ತದೆ.
ವಾಸ್ತವ: ಹಿಂದೆ ಕೆಲವು ವಿಜ್ಞಾನಿಗಳಿಗೂ ಈ ಭಯ ಇತ್ತು. ನಂತರದ ಅಧ್ಯಯನಗಳಿಂದ ಉಷ್ಣವಲಯದ ನೆಲದಲ್ಲಿ ಸಣ್ಣ ಪಾಲಿಗೆ ಮಾತ್ರ ಈ ಅಪಾಯ ಇದೆ ಎಂದು ಗೊತ್ತಾಯಿತು. ಬುಕಾನನ್ ಕಂಡಂಥ ಮೆತ್ತನೆಯ ಪದರ ಮೇಲ್ಮೈಗೆ ಹತ್ತಿರ ಇದ್ದು, ಮೇಲಿನ ಮಣ್ಣು ಕೊಚ್ಚಿಹೋದರೆ ಅದು ಬಿಸಿಲಿಗೆ ಗಟ್ಟಿಯಾಗುತ್ತದೆ. ಆಮೇಲೆ ಅಲ್ಲಿ ಬೇರು ಇಳಿಯುವುದು ಕಷ್ಟ. ಎಲ್ಲ ಕೆಂಪು ನೆಲಕ್ಕೂ ಹೀಗಾಗುವುದಿಲ್ಲ. ಆದರೆ ಆದ ಕಡೆ ಅದನ್ನು ಸರಿಪಡಿಸಲು ಆಗುವುದಿಲ್ಲ ಎಂಬುದನ್ನು ಮರೆಯಬಾರದು. ಕಾಡು ಉಳಿಸಲು ಇದೊಂದೇ ಕಾರಣ ಬೇಕಿಲ್ಲ, ಬೇರೆ ಕಾರಣಗಳೂ ಸಾಕಷ್ಟಿವೆ.

ನಂಬಿಕೆ: ಮುರಕಲ್ಲಿನ ಬೋಳು ಪದವು ಯಾವುದಕ್ಕೂ ಉಪಯೋಗವಿಲ್ಲದ ನೆಲ.
ವಾಸ್ತವ: ಬೇಸಿಗೆಯಲ್ಲಿ ಬೋಳಾಗಿ ಕಾಣುವ ಈ ಬಯಲು ಮಳೆಗಾಲದಲ್ಲಿ ಸಣ್ಣ ಸಣ್ಣ ಹೂಗಿಡಗಳಿಂದ ತುಂಬುತ್ತದೆ. ಕಲ್ಲಿನ ತೂತುಗಳ ಮೂಲಕ ಮಳೆನೀರು ಕೆಳಗಿಳಿಯುತ್ತದೆ, ಗುಡ್ಡದ ಬುಡದ ಬಾವಿಗಳಿಗೆ ಅದೇ ನೀರು. ಪದವನ್ನು ಪೂರ್ತಿ ಅಗೆದು ಸಾಗಿಸಿದರೆ ಅದರ ಪರಿಣಾಮ ಕೆಳಗಿನ ಮನೆಗಳ ಬಾವಿಯಲ್ಲಿ ಕಾಣಿಸಬಹುದು.

ಹೆಸರಿಟ್ಟವನ ಹೆಸರಿಗೆ ಏನಾಯಿತು?

ಈಗ ಬುಕಾನನ್‌ನ ಉಳಿದ ಕಥೆ. ಮೈಸೂರಿನ ಪ್ರಯಾಣ ಮುಗಿದ ಮೇಲೆ 1802ರಲ್ಲಿ ಅವನು ನೇಪಾಳಕ್ಕೆ ಹೋದ. ನಂತರ ಕಲ್ಕತ್ತದಲ್ಲಿ ಗವರ್ನರ್ ಜನರಲ್‌ನ ವೈದ್ಯನಾಗಿದ್ದುಕೊಂಡು, ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹಾಲಯವೊಂದನ್ನು ನೋಡಿಕೊಂಡ. 1807ರಿಂದ 1814ರವರೆಗೆ, ಏಳು ವರ್ಷ, ಬಂಗಾಳ ಮತ್ತು ಬಿಹಾರದ ಜಿಲ್ಲೆಗಳನ್ನು ಒಂದೊಂದಾಗಿ ಸುತ್ತಿ ಸಮೀಕ್ಷೆ ಮಾಡಿದ. 1814ರಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಮೇಲ್ವಿಚಾರಕನಾದ. ಆದರೆ ಆರೋಗ್ಯ ಕೆಟ್ಟಿತ್ತು. ಮರುವರ್ಷ ಊರಿಗೆ ಹೊರಟ.

ಹೊರಡುವಾಗ ಅವನಿಗೆ ಒಂದು ದೊಡ್ಡ ಪೆಟ್ಟು ಬಿತ್ತು. ವರ್ಷಗಟ್ಟಲೆ ಮಾಡಿಸಿದ್ದ ಪ್ರಾಣಿ-ಸಸ್ಯಗಳ ಚಿತ್ರಗಳನ್ನು ತಾನೇ ಇಂಗ್ಲೆಂಡಿಗೆ ಕೊಂಡೊಯ್ದು ಕಂಪನಿಯ ನಿರ್ದೇಶಕರಿಗೆ ಒಪ್ಪಿಸಬೇಕೆಂಬುದು ಅವನ ಆಸೆಯಾಗಿತ್ತು. ಆಗಿನ ಗವರ್ನರ್ ಜನರಲ್ ಅವುಗಳನ್ನು ಕಲ್ಕತ್ತದಲ್ಲೇ ಉಳಿಸಿಕೊಂಡ. ಬುಕಾನನ್‌ಗೆ ಇದು ಬಹಳ ನೋವು ತಂದಿತು.

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂತು, ಅದರ ಜೊತೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರೂ ಬಂತು. ಹಾಗಾಗಿ ಪುಸ್ತಕಗಳಲ್ಲಿ ಅವನು ಒಮ್ಮೆ ಬುಕಾನನ್, ಒಮ್ಮೆ ಹ್ಯಾಮಿಲ್ಟನ್, ಒಮ್ಮೆ ಬುಕಾನನ್-ಹ್ಯಾಮಿಲ್ಟನ್. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಪುಸ್ತಕ ಹೊರತಂದ. ನಾವು ತಿನ್ನುವ ರೋಹು, ಕಾಟ್ಲಾ, ಬಂಗಾಳಿಗಳ ಪ್ರೀತಿಯ ಹಿಲ್ಸಾ ಮೀನುಗಳನ್ನು ವೈಜ್ಞಾನಿಕವಾಗಿ ಮೊದಲು ವರ್ಣಿಸಿದ್ದು ಅದರಲ್ಲೇ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ರೋಗಗಳ ಸಂಶೋಧನೆಗೆ ಬಳಸುವ ಪಟ್ಟೆಪಟ್ಟೆಯ ಪುಟ್ಟ ಜೀಬ್ರಾ ಮೀನು ಕೂಡ ಅದೇ ಪುಸ್ತಕದಲ್ಲಿದೆ. ಈ ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ ಹ್ಯಾಮಿಲ್ಟನ್, 1822 ಎಂದು ಕಂಡರೆ ಅದು ನಮ್ಮ ಬುಕಾನನ್ನೇ. ಸಿಹಿತಿಂಡಿಗೆ ಹಾಕುವ ಚಾರೋಲಿಯ ಮರ ಸೇರಿರುವ ಸಸ್ಯ ಪಂಗಡಕ್ಕೂ ಅವನ ಹೆಸರೇ: ಬುಕನಾನಿಯ.

1829ರ ಜೂನ್ 15ರಂದು ಅವನು ತೀರಿಕೊಂಡ. ಬಂಗಾಳದ ಏಳು ವರ್ಷಗಳ ಸಮೀಕ್ಷೆ ಅವನು ಬದುಕಿರುವಾಗ ಪುಸ್ತಕವಾಗಲಿಲ್ಲ. 1838ರಲ್ಲಿ ಮಾಂಟ್ಗೊಮೆರಿ ಮಾರ್ಟಿನ್ ಎಂಬಾತ ಅದನ್ನು ಕತ್ತರಿಸಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿದ. ಮುಖಪುಟದಲ್ಲಿ ಬುಕಾನನ್‌ನ ಹೆಸರೇ ಇರಲಿಲ್ಲ. ಅಂಗಾಡಿಪುರಂನ ಕಲ್ಲು ಕೊಯ್ಯುವವರ ಹೆಸರು ಬುಕಾನನ್‌ನ ಪುಸ್ತಕದಲ್ಲಿ ಬರಲಿಲ್ಲ, ಬುಕಾನನ್‌ನ ಹೆಸರು ಮಾರ್ಟಿನ್‌ನ ಮುಖಪುಟದಲ್ಲಿ ಬರಲಿಲ್ಲ. ಮೂಲ ಬರೆದವರ ಹೆಸರು ಅಳಿಸಿ ಮುಂದಕ್ಕೆ ಕಳಿಸುವ ಚಾಳಿ ವಾಟ್ಸಾಪ್‌ನಿಂದ ಶುರುವಾದದ್ದೇನಲ್ಲ.

1979ರಲ್ಲಿ ಅಂಗಾಡಿಪುರಂನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಒಂದು ಸ್ಮಾರಕ ನಿಲ್ಲಿಸಿತು. ಅದು ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದನ್ನು ಕಟ್ಟಿರುವುದೂ ಲ್ಯಾಟರೈಟ್ ಕಲ್ಲಿನಿಂದಲೇ.

ಹಂಚುವ ಮೊದಲು

ಬುಕಾನನ್ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ, ಅವನ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಯೂ ಇಲ್ಲ. ಆದರೆ ಅವನ ಒಂದು ಅಭ್ಯಾಸವನ್ನು ನಾವು ಕಲಿಯಬಹುದು. ಕಲ್ಲನ್ನು ಎಲ್ಲಿ ಕಂಡೆ, ಯಾವಾಗ ಕಂಡೆ, ಜನ ಅದನ್ನು ಏನೆಂದು ಕರೆಯುತ್ತಾರೆ, ಕೊಯ್ದಾಗ ಹೇಗಿತ್ತು, ಒಣಗಿದಾಗ ಏನಾಯಿತು ಎಂದು ಬಿಡಿಸಿ ಬರೆದ. ಅದಕ್ಕೇ 200 ವರ್ಷಗಳ ನಂತರವೂ ಯಾರು ಬೇಕಾದರೂ ಆ ಜಾಗಕ್ಕೆ ಹೋಗಿ ಅವನ ಮಾತನ್ನು ಪರೀಕ್ಷಿಸಬಹುದು.

ಮುಂದಿನ ಸಲ ಕಪ್ಪು ಕಲ್ಲಿನ ಫೋಟೋ ಜೊತೆ ಉಲ್ಕೆ ಎಂಬ ಸಂದೇಶ ಬಂದರೆ ಕಳಿಸಿದವರಿಗೆ ಇಷ್ಟು ಕೇಳಿ: ಎಲ್ಲಿ ಸಿಕ್ಕಿತು? ಯಾವಾಗ ಸಿಕ್ಕಿತು? ಒಡೆದರೆ ಒಳಗೆ ಸುತ್ತುಗಳಿವೆಯೇ? ಟೈಲ್ಸ್ ಮೇಲೆ ಉಜ್ಜಿದರೆ ಯಾವ ಬಣ್ಣದ ಗೆರೆ ಬಂತು? ಉತ್ತರ ಬಾರದಿದ್ದರೆ ಆ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿ. ಈ ಲೇಖನ ಉಪಯುಕ್ತ ಎನಿಸಿದರೆ ಉಲ್ಕೆ ಕೊಳ್ಳಲು ಅಥವಾ ಮಾರಲು ಹೊರಟಿರುವ ನಿಮ್ಮ ಪರಿಚಯದವರಿಗೆ ಮೊದಲು ಕಳಿಸಿ.